ಬಡಿಸುವವನ ಮಾತು

ಅನ್ನವಿಕ್ಕುವುದನ್ನು ನಮ್ಮ ಹಿರಿಯರು ದಾನಗಳಲ್ಲೆಲ್ಲ ದೊಡ್ಡದೆಂದು ಎಣಿಸಿದರು. ಬೇಡವೆಂದು ಕೈ ಅಡ್ಡ ಹಿಡಿದವನ ಎಲೆಗೂ ಇನ್ನೊಂದು ಹೋಳಿಗೆ ಹಾಕದಿದ್ದರೆ ಉಪಚಾರದಲ್ಲಿ ಲೋಪವಾಯಿತೆಂಬುದು ಈಗಲೂ ಅನೇಕರ ಭಾವನೆ. ಆ ಭಾವನೆಯಲ್ಲಿ ಸವಿಯುಂಟು. ನಾನು ಅದನ್ನು ಹಳಿಯಲಾರೆ. ಆದರೆ ಉಣ್ಣುವವನಿಗೆ ಉಣಿಸೇ ವಿಷವಾಗುವಲ್ಲಿ ಉಪಚಾರವೆಂದರೆ ಯಾವುದು? ಪ್ರೀತಿಯಿಂದ ಬಡಿಸಿದೆನೆಂದರೆ ಸಾಕೆ? ಈ ಪ್ರಶ್ನೆಯನ್ನು ನನ್ನ ಮುಂದೆ ತಂದಿಟ್ಟುದು ಒಂದು ಮದುವೆಯ ಊಟ.

ನನ್ನ ತಂಗಿಯ ಮಗನಿಗೆ ಕಡಲೆಕಾಯಿ ಬೀಜ ಆಗದು. ಪಂಕ್ತಿ ಕುಳಿತಾಗ ತಂಗಿಯು, “ಚಿತ್ರಾನ್ನಕ್ಕೆ ಬೀಜ ಹಾಕಿದ್ದೀರಾ?” ಎಂದು ವಿಚಾರಿಸಿದಳು. ಬಡಿಸುತ್ತಿದ್ದ ಹಿರಿಯರು, “ಇಲ್ಲ ತಾಯಿ, ಮಗು ಧಾರಾಳವಾಗಿ ತಿನ್ನಲಿ” ಎಂದರು. ನಾಲ್ಕು ತುತ್ತು ತಿನ್ನುವುದರೊಳಗೆ ಹುಡುಗನ ತುಟಿ ಬಾತಿತು, ಮೈಮೇಲೆ ದದ್ದುಗಳೆದ್ದವು, ಉಸಿರು ಸಿಳ್ಳಿನಂತೆ ಕೇಳತೊಡಗಿತು. ತಂಗಿಯು ಸದಾ ಜೊತೆಯಲ್ಲಿಟ್ಟುಕೊಂಡಿರುವ ಅಡ್ರಿನಲಿನ್ ಮದ್ದನ್ನು ಅವನ ತೊಡೆಗೆ ಚುಚ್ಚಿದಳು, ಆಸ್ಪತ್ರೆಗೆ ಒಯ್ದೆವು, ಮಗು ಉಳಿಯಿತು. ಸಂಜೆ ಆ ಹಿರಿಯರು ಅಲ್ಲಿಗೆ ಬಂದು ಕಣ್ಣೀರಿಟ್ಟರು. “ಬೀಜವನ್ನೆಲ್ಲ ನಾನೇ ಆರಿಸಿ ತೆಗೆದಿದ್ದೆನಮ್ಮ. ಇದೆ ಎಂದರೆ ಮಗು ಹಸಿದುಕೊಂಡೇ ಏಳುತ್ತಿತ್ತಲ್ಲ!”

ಆರಿಸಿ ತೆಗೆದರೆ ಸಾಲದೆಂಬುದು ಅವರಿಗೆ ತಿಳಿದಿರಲಿಲ್ಲ. ಕೆಡುಕು ಕಣ್ಣಿಗೆ ಕಾಣುವ ಬೀಜದಲ್ಲಷ್ಟೇ ಇಲ್ಲ, ಅದರ ಪ್ರೋಟೀನಿನಲ್ಲಿದೆ. ಹುರಿದರೂ ಅದು ನಾಶವಾಗದು, ಸೌಟಿಗೆ ಅಂಟಿದ ಪುಡಿಯಷ್ಟೇ ಕೆಲವರಿಗೆ ಸಾಕು. 1902ರಲ್ಲಿ ಫ್ರಾನ್ಸಿನ ಷಾರ್ಲ್ ರಿಷೆ, ಪಾಲ್ ಪೋರ್ತಿಯೆ ಎಂಬ ವಿಜ್ಞಾನಿಗಳು ಒಂದು ಸಮುದ್ರಜೀವಿಯ ವಿಷವನ್ನು ನಾಯಿಗಳ ಮೇಲೆ ಪರೀಕ್ಷಿಸುತ್ತಿದ್ದರು. ಮೊದಲ ಸಲ ವಿಷವನ್ನು ತಾಳಿಕೊಂಡ ನಾಯಿಗೆ ಕೆಲವು ವಾರಗಳ ಮೇಲೆ ಅತ್ಯಲ್ಪ ಪ್ರಮಾಣ ಕೊಟ್ಟಾಗ, ಅದು ನಿಮಿಷಗಳಲ್ಲಿ ಸತ್ತಿತು. ರೋಗವನ್ನು ತಡೆಯಲೆಂದು ಇರುವ ದೇಹಶಕ್ತಿಯೇ ದೇಹದ ಮೇಲೆ ತಿರುಗಿ ಬೀಳಬಲ್ಲುದೆಂದು ಆಗ ತಿಳಿಯಿತು. ಈ ಶೋಧಕ್ಕಾಗಿ 1913ರಲ್ಲಿ ರಿಷೆಗೆ ನೊಬೆಲ್ ಪಾರಿತೋಷಕ ದೊರೆಯಿತು.

ಕಾಯಬೇಕಾದುದೇ ಕೊಲ್ಲಹೊರಡುವ ಈ ವಿಪರೀತವು ದೇಹಕ್ಕೆ ಮಾತ್ರ ಸೇರಿದುದೆ? ಆ ಹಿರಿಯರ ಮನಸ್ಸಿನಲ್ಲಿ ದ್ವೇಷವಿರಲಿಲ್ಲ, ಉದಾಸೀನವೂ ಇರಲಿಲ್ಲ. ಇದ್ದುದು ಮಗುವಿನ ಹಸಿವಿನ ಮೇಲಣ ಕನಿಕರ. ಆದರೆ ತಾಯಿ ಕೇಳಿದುದು ಅವರ ಕನಿಕರವನ್ನಲ್ಲ, ಅವರಿಗೆ ತಿಳಿದುದನ್ನು. ಅವರು ತಿಳಿದುದನ್ನು ಮುಚ್ಚಿಟ್ಟು, ಇನ್ನೊಬ್ಬರ ಪ್ರಾಣದ ವಿಷಯವನ್ನು ತಾವೇ ತೀರ್ಮಾನಿಸಿದರು. ತಪ್ಪು ಇದ್ದುದು ಅಲ್ಲಿ. “ಇದೆ” ಎಂದಿದ್ದರೆ ಮಗು ಒಂದು ಹೊತ್ತು ಉಪವಾಸವಿರುತ್ತಿತ್ತು, ಅಷ್ಟೆ. “ತಿಳಿಯದು” ಎಂಬುದೂ ಒಳ್ಳೆಯ ಉತ್ತರವೇ. ಬಡಿಸುವವನಿಗೆ ಆ ಮಾತು ಕಠಿನ, ಆತಿಥ್ಯದ ಬಡತನವನ್ನು ಒಪ್ಪಿಕೊಂಡಂತೆ ತೋರುತ್ತದೆ. ಆದರೂ ಕೇಳಿದವರಿಗೆ ಅದರಷ್ಟು ಉಪಕಾರವಾದ ಮಾತು ಇನ್ನೊಂದಿಲ್ಲ.

ಒಬ್ಬನಿಗಾಗಿ ಇಡೀ ಪಂಕ್ತಿ ರುಚಿ ಬಿಡಬೇಕೆ ಎಂದು ಕೆಲವರು ಕೇಳುವುದುಂಟು. ಬಿಡಬೇಕಾಗಿಲ್ಲ. ಅವನಿಗೆ ಬೇಕಾದುದು ಬೇರೆ ಪಾತ್ರೆ, ಬೇರೆ ಸೌಟು, ತೊಳೆದ ಕೈ, ನಿಜವಾದ ಮಾತು. ಇಷ್ಟು ಎಚ್ಚರ ನಮ್ಮಿಂದಾಗದೆಂದು ಯಾರೂ ಹೇಳಲಾರರು. ಮುಸುರೆಯ ಸೌಟು ಮೊಸರಿಗೆ ತಗುಲದಂತೆ ನೋಡಿಕೊಂಡ ಅಜ್ಜಿಯರ ಅಡಿಗೆಮನೆಗಳನ್ನು ಕಂಡವರು ನಾವು. ಯಾವ ಪಾತ್ರೆ ಯಾವುದನ್ನು ಮುಟ್ಟಿತೆಂಬ ಲೆಕ್ಕ ಅವರಿಗೆ ತಪ್ಪುತ್ತಿರಲಿಲ್ಲ. ಅದೇ ಎಚ್ಚರವು ಮಡಿಯ ಹೆಸರಿನಲ್ಲಿ ಎಷ್ಟೋ ಮಂದಿಯನ್ನು ಪಂಕ್ತಿಯಿಂದ ಹೊರಗಿಟ್ಟಿತು. ಒಬ್ಬ ಹುಡುಗನನ್ನು ನಿರ್ಭಯವಾಗಿ ಪಂಕ್ತಿಯೊಳಗೆ ಕುಳ್ಳಿರಿಸುವುದಕ್ಕೆ ಅದು ಈಗ ಬಳಕೆಯಾದರೆ ಅಜ್ಜಿಯರ ಶ್ರಮಕ್ಕೆ ಹೊಸ ಅರ್ಥ ಬಂದೀತು.

ಶಾಸನವೂ ಈ ದಿಕ್ಕಿನಲ್ಲಿ ನಡೆದಿದೆ. ಕಡಲೆಕಾಯಿ ಬೀಜ, ಹಾಲು, ಮೊಟ್ಟೆ, ಮೀನು, ಸೋಯಾ ಮುಂತಾದುವು ಸೇರಿದ್ದರೆ ಪೊಟ್ಟಣದ ಮೇಲೆ ತಿಳಿಸತಕ್ಕದ್ದೆಂದು ನಮ್ಮ ದೇಶದ 2020ರ ನಿಯಮಗಳು ವಿಧಿಸುತ್ತವೆ. ಆದರೆ ಬಾಳೆಯೆಲೆಗೆ ಯಾರೂ ಚೀಟಿ ಅಂಟಿಸುವುದಿಲ್ಲ. ಅಲ್ಲಿ ಬಡಿಸುವವನ ಮಾತೇ ಚೀಟಿ.

ಉಣ್ಣುವವನಿಗೂ ಧರ್ಮವುಂಟು. ಕೇಳುವುದಕ್ಕೆ ಅವನು ನಾಚಬಾರದು. ದಾಕ್ಷಿಣ್ಯಕ್ಕೆ ಒಂದು ತುತ್ತು ತಿನ್ನಬಾರದು. ಮದ್ದನ್ನು ಮನೆಯಲ್ಲಿ ಮರೆತು ಹೊರಡಬಾರದು. ಉಸಿರು ಕಟ್ಟುವಾಗ, ನೋಡೋಣವೆಂದು ತಡಮಾಡಬಾರದು. ಆದರೆ ಎಂಟು ವರ್ಷದ ಹುಡುಗನು ಈ ಭಾರವನ್ನೆಲ್ಲ ಒಬ್ಬನೇ ಹೊರಲಾರನು. ಅವನು ಒಂದು ಪ್ರಶ್ನೆಯನ್ನಷ್ಟೆ ಕೇಳಬಲ್ಲನು. ಉಳಿದುದು ನಮ್ಮ ಕೈಯಲ್ಲಿದೆ.

ಮೊನ್ನೆ ಬಂಧುಗಳ ಮನೆಯ ನಾಮಕರಣದಲ್ಲಿ ಅದೇ ಹಿರಿಯರು ಬಡಿಸುತ್ತಿದ್ದರು. ಹುಡುಗನು ಕೋಸಂಬರಿಯನ್ನು ತೋರಿಸಿ, “ಇದಕ್ಕೆ ಬೀಜದ ಪುಡಿ ಹಾಕಿದ್ದಾರೆಯೆ, ತಾತ?” ಎಂದನು. ಅವರು ಬಟ್ಟಲನ್ನು ಕೆಳಗಿಟ್ಟು, “ನನಗೆ ತಿಳಿಯದು, ಮಗು. ಒಳಗೆ ಕೇಳಿಕೊಂಡು ಬರುತ್ತೇನೆ, ಅದುವರೆಗೆ ಮುಟ್ಟಬೇಡ” ಎಂದು ಅಡಿಗೆಮನೆಗೆ ನಡೆದರು. ಪಂಕ್ತಿಯಲ್ಲಿದ್ದವರು ಯಾರೂ ಅವಸರಪಡಲಿಲ್ಲ. ಹುಡುಗನು ಕೈಕಟ್ಟಿಕೊಂಡು ಅವರ ದಾರಿಯನ್ನು ನೋಡುತ್ತ ಕುಳಿತನು.