ಅಳಿಸಿದ ಕಾಗದ ಯಾರದು?

ದಾವಣಗೆರೆಯ ಹಳೆಯ ಮಂಡಿ ಅಂಗಡಿಗಳಲ್ಲಿ ಗಲ್ಲಾಪೆಟ್ಟಿಗೆಯ ಮಗ್ಗುಲಿಗೆ ಒಂದು ಕೊಕ್ಕೆತಂತಿ ತೂಗುತ್ತಿದ್ದುದು ನಮ್ಮ ವಯಸ್ಸಿನವರಿಗೆ ನೆನಪಿರಬೇಕು. ಬಂದ ಕಾಗದವನ್ನು ಓದಿ ಸಾಹುಕಾರರು ಅದಕ್ಕೆ ಚುಚ್ಚಿಬಿಡುತ್ತಿದ್ದರು. ಅಡಿಗೆ ಹಳೆಯದು, ಮೇಲೆ ಹೊಸದು. ಮನೆಗಳಲ್ಲಿಯೂ ಇಂಥದೊಂದು ತಂತಿ ಇರುತ್ತಿತ್ತು. ಸಾವಿನ ಸುದ್ದಿ ತಂದ ಕಾರ್ಡು ಮಾತ್ರ ಅದನ್ನು ಏರುತ್ತಿರಲಿಲ್ಲ. ಓದಿದವರು ನಿಂತಲ್ಲೇ ಹರಿದು ಹಾಕುತ್ತಿದ್ದರು. ಆ ಚೂರುಗಳನ್ನು ಕೂಡಿಸಿ ಮತ್ತೆ ಓದುವ ಯೋಚನೆ ಯಾರಿಗೂ ಬರುತ್ತಿರಲಿಲ್ಲ.

ಈ ತಂತಿಯನ್ನು ನನಗೆ ನೆನಪಿಗೆ ತಂದದ್ದು ಹರಿಹರದ ಮನೆಯೊಂದರ ಕಂಪ್ಯೂಟರು.

ಹರಿಹರದ ಕಿರ್ಲೋಸ್ಕರ್ ಲೇತ್ ಕಾರ್ಖಾನೆಯಲ್ಲಿ, ಅದು ಮುಚ್ಚುವವರೆಗೂ ದುಡಿದ ನನ್ನ ಗೆಳೆಯರೊಬ್ಬರು ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ಅವರ ಹೆಂಡತಿ ಒಂದು ದಿನ ಫೋನು ಮಾಡಿದರು. "ಇವರ ಕಾಗದಗಳೆಲ್ಲ ಹೋಗಿಬಿಟ್ಟಿವೆ. ನಿನ್ನೆ ಕರೆಂಟು ಹೋಗಿ ಬಂದ ಮೇಲೆ ಏನೂ ಕಾಣಿಸುತ್ತಿಲ್ಲ. ಒಮ್ಮೆ ಬಂದು ನೋಡುತ್ತೀರಾ?" ದಾವಣಗೆರೆಯಿಂದ ಹರಿಹರ ದೂರವೇನಲ್ಲ, 14 ಕಿಲೋಮೀಟರು. ಮಧ್ಯಾಹ್ನದ ಬಸ್ಸು ಹಿಡಿದೆ.

ಗೆಳೆಯರು ಬಳಸುತ್ತಿದ್ದುದು ಥಂಡರ್‌ಬರ್ಡ್ ಎಂಬ ಇ-ಮೇಲ್ ತಂತ್ರಾಂಶ. 2004ರಿಂದ ಪುಕ್ಕಟೆಯಾಗಿ ದೊರೆಯುತ್ತಿರುವಂಥದು. ಎಲ್ಲಿಯೋ ಇರುವ ಸರ್ವರಿನಿಂದ ಕಾಗದಗಳನ್ನು ಮನೆಗೆ ಇಳಿಸಿಕೊಂಡು, ಅಲ್ಲಿನ ಪ್ರತಿಯನ್ನು ತೆಗೆದುಬಿಡುವಂತೆ ಅವರು ಏರ್ಪಾಡು ಮಾಡಿಕೊಂಡಿದ್ದರು. ಆದಕಾರಣ ಇದ್ದರೆ ಆ ಪೆಟ್ಟಿಗೆಯಲ್ಲಿಯೇ ಇರಬೇಕು, ಇಲ್ಲವಾದರೆ ಇಲ್ಲ.

ಒಳಗಿನ ವ್ಯವಸ್ಥೆ ಮಂಡಿಯ ಅಂಗಡಿಯಂತೆಯೇ ಇದೆ. ಬಂದ ಕಾಗದಗಳೆಲ್ಲ ಒಂದೇ ಉದ್ದನೆಯ ಕಡತದಲ್ಲಿ ಒಂದರ ಹಿಂದೊಂದು ಸೇರುತ್ತವೆ. ಅದೇ ತಂತಿ. ಅದರ ಪಕ್ಕದಲ್ಲಿ ಎಂಎಸ್ಎಫ್ ಎಂಬ ಬಾಲವುಳ್ಳ ಇನ್ನೊಂದು ಪುಟ್ಟ ಕಡತ: ಯಾವ ಕಾಗದ ಯಾರದು, ತಂತಿಯಲ್ಲಿ ಎಲ್ಲಿದೆ ಎಂದು ಬರೆದಿಟ್ಟುಕೊಂಡ ಗುಮಾಸ್ತನ ಪುಸ್ತಕ. ಪರದೆಯ ಮೇಲೆ ನಾವು ನೋಡುವ ಪಟ್ಟಿ ಈ ಪುಸ್ತಕದ್ದು, ತಂತಿಯದಲ್ಲ. ಪುಸ್ತಕ ಕೆಟ್ಟರೆ ತಂತಿ ತುಂಬಿದ್ದರೂ ಅಂಗಡಿ ಬರಿದಾಗಿ ಕಾಣುತ್ತದೆ. ನೋಡಿದರೆ ಕಡತದ ತೂಕ 300 ಎಂಬಿಗೆ ಹತ್ತಿರವಿತ್ತು. ಬರಿಯ ಪೆಟ್ಟಿಗೆ ಇಷ್ಟು ಭಾರವಿರುವುದಿಲ್ಲವಷ್ಟೆ! ತಂತ್ರಾಂಶವನ್ನು ಮುಚ್ಚಿ, ಮೊದಲು ಕಡತದ ಒಂದು ಪ್ರತಿಯನ್ನು ಅವರದೇ ಪೆನ್‌ಡ್ರೈವಿಗೆ ಹಾಕಿಟ್ಟು, ಗುಮಾಸ್ತನ ಪುಸ್ತಕವನ್ನು ತೆಗೆದುಹಾಕಿ, ಮತ್ತೆ ತೆರೆದೆ. ಗುಮಾಸ್ತ ತಂತಿಯನ್ನೆಲ್ಲ ಓದಿ ಹೊಸ ಪುಸ್ತಕ ಬರೆದುಕೊಂಡ. ಕಾಗದಗಳು ಬಂದು ಸಾಲಾಗಿ ನಿಂತವು.

ಅತ್ತಿಗೆಯವರು ಸಂತೋಷಪಟ್ಟರು. ಆದರೆ ಎದ್ದು ಹೋಗಲಿಲ್ಲ. "ಇದರಲ್ಲಿ ಮಗಳ ಕಾಗದ ಇಲ್ಲವಲ್ಲ" ಎಂದರು.

ಮಗಳು 2011ರಲ್ಲಿ ತನ್ನ ಇಷ್ಟದಂತೆ ಮದುವೆಯಾಗಿ ಊರು ಬಿಟ್ಟವಳು. ಹೋದ ತಿಂಗಳಲ್ಲಿಯೇ ಒಂದು ಉದ್ದನೆಯ ಕಾಗದ ಬರೆದಿದ್ದಳಂತೆ. ತಂದೆ ಅದರ ಸುದ್ದಿಯನ್ನೇ ಎತ್ತಲಿಲ್ಲ. ತಾಯಿಗೆ ವಿಷಯ ತಿಳಿದದ್ದು ಅವರು ಹೋದ ಮೇಲೆ, ಮಗಳು ಹೇಳಿದಾಗ. ಅವಳು ಬರೆದದ್ದು ಆಗಿನ ಆಫೀಸಿನ ವಿಳಾಸದಿಂದ; ಕೆಲಸ ಬಿಟ್ಟಾಗ ಅದೂ ಹೋಯಿತು.

ಇಲ್ಲಿಯವರೆಗೆ ನನ್ನ ಕೆಲಸ ರಿಪೇರಿಯದು. ಇಲ್ಲಿಂದ ಮುಂದೆ ಅದು ಬೇರೆಯಾಯಿತು. ಈ ತಂತ್ರಾಂಶದಲ್ಲಿ ನಾವು 'ಅಳಿಸು' ಎಂದಾಗ ಕಾಗದ ಅಳಿಯುವುದಿಲ್ಲ. ಅದರ ತಲೆಯ ಮೇಲೆ ಒಂದು ಗುರುತು ಬೀಳುತ್ತದೆ, ಪಟ್ಟಿಯಿಂದ ಹೆಸರು ಹೋಗುತ್ತದೆ. 'ಕಾಂಪ್ಯಾಕ್ಟ್' ಎಂಬ ಆಜ್ಞೆ ಆಗುವವರೆಗೂ ಅದು ತಂತಿಯಲ್ಲಿಯೇ ಇರುತ್ತದೆ. ಗೆಳೆಯರಿಗೆ ಇದು ಗೊತ್ತಿದ್ದಿರಲಾರದು. ಹರಿದು ಹಾಕಿದೆನೆಂದೇ ಅವರು ನಂಬಿದ್ದರು. ಅವರ ಈ ಅಜ್ಞಾನವನ್ನು ನಾನು ಬಳಸಿಕೊಳ್ಳಬಹುದೆ?

ಬಿದ್ದ ಉಂಗುರವನ್ನು ಹುಡುಕಿಕೊಡುವುದಕ್ಕೆ ಯಾರ ಅಪ್ಪಣೆಯೂ ಬೇಡ. ಹೊಳೆಗೆ ಎಸೆದ ಉಂಗುರವನ್ನು ಮುಳುಗಿ ತರುವುದು ಹಾಗಲ್ಲ. ಎಸೆದವನ ನಿರ್ಧಾರವನ್ನು ಮುರಿದ ಹಾಗೆ. ಬದುಕಿರುವವನಾದರೆ ಇನ್ನೊಮ್ಮೆ ಎಸೆದಾನು. ಸತ್ತವನಿಗೆ ಆ ಅವಕಾಶವೂ ಇಲ್ಲ. ಯಂತ್ರಕ್ಕೆ ಈ ಭೇದ ತಿಳಿಯದು. ಕಳೆದದ್ದೂ ಕಳೆದುಹಾಕಿದ್ದೂ ಅದಕ್ಕೆ ಒಂದೇ.

ಹಾಗೆಂದು ಸುಮ್ಮನೆ ಎದ್ದು ಬರಲೂ ಮನಸ್ಸಾಗಲಿಲ್ಲ. ಮಗಳು "ಪ್ರೀತಿಯ ಅಪ್ಪ, ಅಮ್ಮ" ಎಂದು ಇಬ್ಬರಿಗೂ ಬರೆದಿದ್ದಳಂತೆ. ಇಬ್ಬರ ಹೆಸರಿನ ಕಾಗದವನ್ನು ಒಬ್ಬರೇ ಹರಿದರೆ ಇನ್ನೊಬ್ಬರ ಪಾಲು ಏನಾಯಿತು? ಗೆಳೆಯರು ತಮ್ಮದನ್ನಷ್ಟೇ ಅಲ್ಲ, ಹೆಂಡತಿಯದನ್ನೂ ಹರಿದಿದ್ದರು. ಇದು ನನಗೆ ಒಪ್ಪಿಗೆಯಾಯಿತು. ಆದರೆ ಅಳಿಸಿದ ಉಳಿದ ಕಾಗದಗಳು ಅವರೊಬ್ಬರವೇ. ಅಲ್ಲಿ ನಮಗೆ ಪಾಲಿಲ್ಲ.

ಸಂಜೆ ಕಾಫಿ ಕುಡಿದು ಹರಿಹರೇಶ್ವರನ ಗುಡಿಯ ಕಡೆ ಒಂದು ಸುತ್ತು ಹೋಗಿಬಂದೆ. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೊಲಾಳ್ವ 1224ರಲ್ಲಿ ಕಟ್ಟಿಸಿದ ಗುಡಿ. ಕಾಯುವ ಹರಿಯೂ ಲಯ ಮಾಡುವ ಹರನೂ ಅಲ್ಲಿ ಒಂದೇ ವಿಗ್ರಹ. ದೇವರಿಗೆ ಅದು ಸಲ್ಲುತ್ತದೆ. ಕಂಪ್ಯೂಟರು ರಿಪೇರಿ ಮಾಡುವವನು ಯಾವ ಪಕ್ಕಕ್ಕೆ ನಿಲ್ಲಬೇಕು?

ವಾಪಸು ಬಂದು ಕುಳಿತೆ. ಗುರುತು ತಿದ್ದುವುದಕ್ಕೆ ಎರಡು ದಾರಿಗಳುಂಟು. ನೋಟ್‌ಪ್ಯಾಡಿನಂಥದರಲ್ಲಿ ಕಡತವನ್ನು ತೆರೆದು ಎಲ್ಲ ಗುರುತುಗಳನ್ನೂ ಒಟ್ಟಿಗೆ ಬದಲಾಯಿಸಬಹುದು. ಒಂದೆರಡು ನಿಮಿಷದ ಕೆಲಸ. ಆಗ ಅಳಿಸಿದ್ದೆಲ್ಲ ಎದ್ದು ಬರುತ್ತದೆ. ಇಲ್ಲವೆ ಒಂದೇ ಕಾಗದವನ್ನು ಹುಡುಕಿ ಅದರದನ್ನಷ್ಟೇ ತಿದ್ದಬಹುದು. ನಾನು ಎರಡನೆಯದನ್ನು ಹಿಡಿದೆ. ಮಗಳ ಹೆಸರಿನ ಅಕ್ಷರಗಳು ಬೇರೆಯವರ ಕಾಗದಗಳಲ್ಲಿಯೂ ಸಿಕ್ಕುತ್ತಿದ್ದವು, ಹೀಗಾಗಿ ರಾತ್ರಿ ಎಂಟಾಯಿತು. ಹುಡುಕುವ ಕಣ್ಣಿಗೆ ಬೇಡವಾದದ್ದೂ ಬಿತ್ತು. ಒಂದು ಆಸ್ಪತ್ರೆಯಿಂದ ಬಂದ ಕಾಗದದ ತಲೆಬರಹ ಮತ್ತು ತಾರೀಖು. ಗೆಳೆಯರ ಕಾಯಿಲೆ ಮನೆಯವರಿಗೆ ತಿಳಿದದ್ದಕ್ಕಿಂತ ಎಂಟು ತಿಂಗಳು ಹಿಂದಿನ ತಾರೀಖು. ಮುಂದಕ್ಕೆ ಸರಿಸಿಬಿಟ್ಟೆ. ಕಂಡದ್ದು ಕಂಡಂತೆಯೇ ಉಳಿಯಿತು.

ಮಗಳ ಕಾಗದ ಸಿಕ್ಕಿತು. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡ. ಅದರ ಗುರುತಿನ ನಾಲ್ಕು ಅಂಕಿಗಳು 0009. ತೆರೆಯದೆ ಅಳಿಸಿದ ಕಾಗದಕ್ಕೆ 0008 ಬೀಳುತ್ತದೆ. ತೆರೆದು ಅಳಿಸಿದ್ದಕ್ಕೆ ಒಂದು ಕೂಡಿ 9 ಆಗುತ್ತದೆ. ಅತ್ತಿಗೆಯವರಿಗೆ ಇದನ್ನು ಹೇಳಿದೆ.

"ಹಾಗಾದರೆ ಇವರು ಓದಿದ್ದರು?"

"ತೆರೆದಿದ್ದರು. ಓದಿದರೋ ಇಲ್ಲವೋ ಅಂಕಿ ಹೇಳುವುದಿಲ್ಲ."

ಅವರು ಬಹಳ ಹೊತ್ತು ಆ 9ನ್ನೇ ನೋಡಿದರು. ಕಾಗದವನ್ನು ನನ್ನೆದುರಿಗೆ ಓದಲಿಲ್ಲ. ಅದು ಸರಿಯೇ.

ಹೊರಡುವಾಗ ಕೇಳಿದರು: "ಇನ್ನೇನಾದರೂ ಇತ್ತೆ?"

"ಇವೆ. ಅವರೇ ತೆಗೆದುಹಾಕಿದವು" ಎಂದೆ. ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಆಕೆ ಮತ್ತೆ ಕೇಳಿದ್ದರೆ ಏನು ಹೇಳುತ್ತಿದ್ದೆನೋ ನನಗೆ ಈಗಲೂ ಗೊತ್ತಿಲ್ಲ.

ಪೆನ್‌ಡ್ರೈವನ್ನು ಅವರ ಕೈಗೇ ಕೊಟ್ಟೆ. ಕಾಂಪ್ಯಾಕ್ಟ್ ಮಾಡಲಿಲ್ಲ. ಅಳಿಸಿದ್ದು ಹೆಚ್ಚಾದಾಗ ಜಾಗ ಉಳಿಸಲೇ ಎಂದು ತಂತ್ರಾಂಶವೇ ಕೇಳುವುದುಂಟು, ಒಪ್ಪಿದರೆ ಅವೆಲ್ಲ ನಿಜವಾಗಿಯೂ ಹೋಗುತ್ತವೆ ಎಂದು ಹೇಳಿದೆ.

"ಕೇಳಿದರೆ ಯಾವುದನ್ನು ಒತ್ತಲಿ?" ಎಂದರು.

"ನಿಮಗೆ ತೋಚಿದಂತೆ ಮಾಡಿ, ಅತ್ತಿಗೆ" ಎಂದು ಚಪ್ಪಲಿ ಮೆಟ್ಟಿಕೊಂಡೆ.