ಕೈಗಳಿಂದ ಆಡಿದ ಮಾತು

(ಮಾರ್ಕ 7ನೆಯ ಅಧ್ಯಾಯ, 31ರಿಂದ 37ನೆಯ ವಚನಗಳು)



ನಮ್ಮ ಕರ್ತನು ಶತಾಧಿಪತಿಯ ಆಳನ್ನು ದೂರದಿಂದಲೇ, ಬರೀ ಮಾತಿನಿಂದ ಸ್ವಸ್ಥಮಾಡಿದನು. ಹಾಗಾದರೆ ದೆಕಪೊಲಿ ಸೀಮೆಯ ಕಿವುಡನ ವಿಷಯದಲ್ಲಿ ಬೆರಳು, ನಾಲಿಗೆ, ಕಣ್ಣು, ಉಸಿರು, ಇಷ್ಟೆಲ್ಲಾ ಯಾತಕ್ಕೆ ಬೇಕಾಯಿತು? ಶಕ್ತಿ ಸಾಲದೆ ಅಲ್ಲ. ಆ ಮನುಷ್ಯನಿಗೆ ಮಾತು ಕೇಳಿಸುತ್ತಿರಲಿಲ್ಲ, ಅಷ್ಟೇ. ಅವನ ಸ್ಥಾನದಲ್ಲಿ ನಿಂತು ನೋಡಿರಿ. ಯಾರೋ ಕೈಹಿಡಿದು ಕರತಂದಿದ್ದಾರೆ, ಸುತ್ತಲೂ ಬಾಯಿಗಳು ಆಡುತ್ತವೆ, ಯಾತಕ್ಕೆಂದು ತಿಳಿಯದು. ಕರ್ತನು ಮೊದಲು ಅವನನ್ನು ಗುಂಪಿನಿಂದ ಆಚೆಗೆ ಕರಕೊಂಡು ಹೋದನು. ಈಗ ಅವನ ಕಣ್ಣೆದುರಿಗೆ ಒಂದೇ ಮುಖ. ಕಿವಿಯೊಳಗೆ ಬೆರಳು: ನಿನ್ನ ಕಷ್ಟ ಇಲ್ಲಿದೆ, ನಾನು ಬಲ್ಲೆ. ನಾಲಿಗೆಗೆ ಸ್ಪರ್ಶ: ಇಲ್ಲಿಯೂ. ಆಕಾಶದ ಕಡೆಗೆ ದೃಷ್ಟಿ: ಸಹಾಯವು ಅಲ್ಲಿಂದ. ನಿಟ್ಟುಸಿರನ್ನು ಅವನು ಕೇಳಲಿಲ್ಲ, ಎದೆ ಏರಿ ಇಳಿದದ್ದನ್ನು ಕಂಡನು. ಎಪ್ಫಥಾ ಎಂಬ ಮಾತು ಬಂದದ್ದು ಕಡೆಗೆ. ಅಷ್ಟರೊಳಗೆ ಕರ್ತನು ಅವನ ಸಂಗಡ ಬಹಳ ಮಾತಾಡಿ ಮುಗಿಸಿದ್ದನು.

ನಮ್ಮ ಸಭೆಗಳಲ್ಲಿ ಕಿವುಡರಾಗಿ ಹುಟ್ಟಿದವರು ಎಲ್ಲಿ ಕೂತಿರುತ್ತಾರೆ? ಬಾಗಲ ಬಳಿಯಲ್ಲಿ, ಚಪ್ಪಲಿಗಳ ಹತ್ತಿರ. ದೀಕ್ಷಾಸ್ನಾನದಲ್ಲಿ ಹೆಸರು ಇಟ್ಟಿದ್ದರೂ ಮೂಗ, ಮೂಗಿ ಎಂದೇ ಕರೆಯುತ್ತೇವೆ. ಪ್ರಶ್ನೋತ್ತರ ಒಪ್ಪಿಸಲಾರರೆಂದು ಕರ್ತನ ಭೋಜನಕ್ಕೂ ಸೇರಿಸುವದಿಲ್ಲ. ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ 10ನೆಯ ಅಧ್ಯಾಯವನ್ನು ತೆಗೆದು, ಕಿವಿಯೇ ನಂಬಿಕೆಯ ಬಾಗಿಲೆಂದು ವಾದಿಸುವ ಹಿರಿಯರುಂಟು. ಅಂಥವರು ಲೂಕನ 1ನೆಯ ಅಧ್ಯಾಯವನ್ನೂ ಓದಲಿ. ಮಾತು ನಿಂತುಹೋಗಿದ್ದ ಜಕರೀಯನನ್ನು ನೆಂಟರು ಸನ್ನೆಯಿಂದ ಕೇಳಿದರು, ಅವನು ಹಲಗೆಯ ಮೇಲೆ ಬರೆದು ಉತ್ತರ ಕೊಟ್ಟನು. ಸ್ನಾನಿಕನಾದ ಯೋಹಾನನ ಹೆಸರು ಸ್ಥಿರವಾದದ್ದು ಹಾಗೆ. ಅದು ಸಲ್ಲದೆಂದು ಯಾರೂ ಅನ್ನಲಿಲ್ಲ.

ಹದಿನೆಂಟನೆಯ ಶತಮಾನದಲ್ಲಿ ಪ್ಯಾರಿಸ್ ಪಟ್ಟಣದ ಶಾರ್ಲ್ ಮಿಶೆಲ್ ದ ಲೆಪೆ ಎಂಬ ಪಾದ್ರಿಯು ಕಿವುಡರಾದ ಇಬ್ಬರು ಅಕ್ಕತಂಗಿಯರನ್ನು ಕಂಡು, ಅವರಿಗೆ ದೇವರ ವಿಷಯ ತಿಳಿಸುವವರಿಲ್ಲವಲ್ಲಾ ಎಂದು ಮರುಗಿ ಬೋಧಿಸಲಾರಂಭಿಸಿದನು. ಆತನ ದೊಡ್ಡ ಕಾರ್ಯವೇನಂದರೆ, ಕಿವುಡರು ಮೊದಲೇ ಆಡುತ್ತಿದ್ದ ಸನ್ನೆಗಳನ್ನು ಅವರಿಂದಲೇ ಕಲಿತದ್ದು. (ಆತನು ರೋಮನ್ ಸಭೆಯವನಲ್ಲವೇ ಎಂದು ಕೆಲವರು ಹುಬ್ಬು ಗಂಟಿಕ್ಕಬಹುದು, ಗಂಟಿಕ್ಕಲಿ.) ಆದರೆ 1880ರಲ್ಲಿ ಮಿಲಾನ್ ಪಟ್ಟಣದಲ್ಲಿ ಕೂಡಿದ ಉಪಾಧ್ಯಾಯರ ಸಭೆಯು, ಸನ್ನೆಗಳನ್ನು ಬಿಟ್ಟು ಬಾಯಿಮಾತನ್ನೇ ಕಲಿಸಬೇಕೆಂದು ನಿರ್ಣಯಿಸಿತು. ಅನೇಕ ಶಾಲೆಗಳಲ್ಲಿ ಮಕ್ಕಳ ಕೈಗಳು ಕಟ್ಟಿದ ಹಾಗಾದವು. ಆ ನಿರ್ಣಯವನ್ನು ತಳ್ಳಿಹಾಕಿ ವಿಷಾದ ತಿಳಿಸಿದ್ದು 2010ರಲ್ಲಿ, ವ್ಯಾಂಕೂವರ್ ಪಟ್ಟಣದಲ್ಲಿ. ನಮ್ಮ ದೇಶದ ಸನ್ನೆಭಾಷೆಗೆ ಈಗ ನಿಘಂಟೂ ಉಂಟು. 2018ರಲ್ಲಿ 3,000 ಪದಗಳಿದ್ದದ್ದು 2021ರಲ್ಲಿ 10,000 ಆಯಿತು.

ಹಳ್ಳಿಯವರಾದ ನಮಗೆ ಅಷ್ಟೆಲ್ಲಾ ಎಲ್ಲಿಂದ ಎನ್ನಬೇಡಿರಿ. ನಿಮ್ಮ ಸಭೆಯಲ್ಲಿ ಕಿವುಡ ಹುಡುಗನಿದ್ದರೆ ಅವನ ತಾಯಿಯ ಬಳಿಗೆ ಹೋಗಿರಿ. ಅವಳು ಬಲ್ಲಳು: ಅನ್ನಕ್ಕೆ ಒಂದು ಸನ್ನೆ, ದನಕ್ಕೆ ಒಂದು, ಸತ್ತುಹೋದ ಅಜ್ಜನಿಗೆ ಒಂದು. ಅವಳ ಮುಂದೆ ಶಿಷ್ಯರಾಗಿ ಕೂತುಕೊಳ್ಳಿರಿ. ಅನೇಕ ದೇಶಗಳ ಕಿವುಡರು ಒಂದು ಕೈಯ ನಡುಬೆರಳಿನಿಂದ ಮತ್ತೊಂದು ಕೈಯ ಅಂಗೈಯನ್ನು ಮುಟ್ಟಿ, ಮೊಳೆಯ ಗುರುತನ್ನು ತೋರಿಸಿ, ಯೇಸುವಿನ ಹೆಸರು ಹೇಳುತ್ತಾರೆ. ನಮ್ಮ ಮಕ್ಕಳು ಇದನ್ನು ಒಂದೇ ಭಾನುವಾರದಲ್ಲಿ ಕಲಿಯಬಲ್ಲರು. ಹುಡುಗನಿಗೆ ಮುಂದುಗಡೆ ಸ್ಥಳ ಕೊಡಿರಿ. ಸಾಯಂಕಾಲದ ಆರಾಧನೆಯಲ್ಲಿ ದೀಪದ ಬೆಳಕು ಬೋಧಿಸುವವನ ಮುಖದ ಮೇಲೂ ಕೈಗಳ ಮೇಲೂ ಬೀಳಲಿ, ಬೆನ್ನಿನ ಮೇಲಲ್ಲ. ಭೋಜನಕ್ಕೆ ಸೇರಿಸುವ ಮುಂಚೆ ಹಿರಿಯರು ಅವನನ್ನು ವಿಚಾರಿಸುವಾಗ ತಾಯಿಯನ್ನು ಪಕ್ಕದಲ್ಲಿ ಕೂಡ್ರಿಸಿರಿ. ಆದರೆ ಪ್ರಶ್ನೆಯನ್ನು ಅವಳ ಮುಖ ನೋಡಿ ಕೇಳಬೇಡಿರಿ, ಅವನ ಮುಖ ನೋಡಿ ಕೇಳಿರಿ. ಉತ್ತರ ತಡವಾದರೆ ಕಾದುಕೊಂಡಿರಿ.