ಸತ್ರದವನ ಕೈಗೊಪ್ಪಿಸಿದ ಮೇಲೆ

ಒಳ್ಳೆಯ ಸಮಾರಿಯದವನ ಸಾಮತಿಯನ್ನು ನೀವೆಲ್ಲರೂ ಬಲ್ಲಿರಿ. ಆದರೆ ಅದರಲ್ಲಿ ಬರುವ ಸತ್ರದವನತ್ತ ನಮ್ಮ ಗಮನ ಹರಿಯುವುದು ವಿರಳ. ಗಾಯಾಳುವಿನ ಗಾಯಗಳನ್ನು ಕಟ್ಟಿದ ಸಮಾರಿಯದವನು ಅಲ್ಲಿಯೇ ಉಳಿಯಲಿಲ್ಲ. ಮರುದಿನ ಎರಡು ಬೆಳ್ಳಿ ನಾಣ್ಯಗಳನ್ನು, ಅಂದರೆ ಕೂಲಿಯಾಳಿನ ಎರಡು ದಿನದ ಸಂಬಳವನ್ನು, ಕೊಟ್ಟು ಆರೈಕೆಯನ್ನು ಇನ್ನೊಬ್ಬನಿಗೆ ವಹಿಸಿದನು. ತಾನು ಮರಳಿ ಬರುವೆನೆಂದೂ ತಿಳಿಸಿದನು. ಹಣ ಕೊಟ್ಟು ಹೆತ್ತವರ ಆರೈಕೆ ಮಾಡಿಸುವವರನ್ನು ಹಂಗಿಸುವವರು ಲೂಕರ ಶುಭಸಂದೇಶದ 10ನೆಯ ಅಧ್ಯಾಯವನ್ನು ಮತ್ತೊಮ್ಮೆ ಓದುವುದು ಒಳಿತು.

ಇಂದು ನಮ್ಮ ಧರ್ಮಕೇಂದ್ರಗಳ ಎಷ್ಟೋ ಮನೆಗಳಲ್ಲಿ ತಂದೆಯೋ ತಾಯಿಯೋ ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದಿದ್ದಾರೆ. ಮಕ್ಕಳು ದುಬೈಯಲ್ಲಿಯೋ ಬೆಂಗಳೂರಿನಲ್ಲಿಯೋ ದುಡಿಯುತ್ತಿದ್ದಾರೆ. ಏಜೆನ್ಸಿಗೆ ಫೋನು ಮಾಡಿದರೆ ಒಬ್ಬ ಹೆಣ್ಣುಮಗಳು ಬ್ಯಾಗು ಹಿಡಿದು ಬಾಗಿಲಿಗೆ ಬರುತ್ತಾಳೆ. ಆಕೆಯನ್ನು ನಾವು 'ಹೋಂ ನರ್ಸ್' ಎನ್ನುತ್ತೇವೆ. ಆಕೆ ಎ.ಎನ್.ಎಂ. ಅಥವಾ ಜಿ.ಎನ್.ಎಂ. ತರಬೇತಿ ಪಡೆದವಳೇ ಎಂದು ಕೇಳುವವರು ಎಷ್ಟು ಮಂದಿ? ಮೂಗಿನ ನಳಿಕೆಯಲ್ಲಿ ಗಂಜಿ ಕೊಡುವಾಗ ತಲೆಯ ಭಾಗವನ್ನು ಎತ್ತರಿಸದಿದ್ದರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು. ಮಗ್ಗುಲು ಬದಲಿಸದೆ ಮಲಗಿಸಿದರೆ ಬೆನ್ನಿನಲ್ಲಿ ಹುಣ್ಣಾಗುತ್ತದೆ. ಇನ್ಸುಲಿನ್ ಪ್ರಮಾಣ ತಪ್ಪಿದರೆ ಪ್ರಾಣಕ್ಕೇ ಸಂಚಕಾರ. ಆಸ್ಪತ್ರೆಯಲ್ಲಿ ಒಬ್ಬರ ತಪ್ಪು ಮುಂದಿನ ಪಾಳಿಯವರ ಕಣ್ಣಿಗೆ ಬೀಳುತ್ತದೆ. ಮನೆಯಲ್ಲಿ ನೋಡುವ ಎರಡನೆಯ ಜೋಡಿ ಕಣ್ಣುಗಳಿಲ್ಲ. ನೋವುಂಡವರಿಗೋ ಮಾತೇ ಹೊರಡದು.

ನರ್ಸಿಂಗ್ ಹೋಂ ತೆರೆಯಬೇಕಾದರೆ ಕರ್ನಾಟಕದಲ್ಲಿ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಆಗಲೇಬೇಕು. ಅಂಗಡಿಗಳ ಕಾಯ್ದೆಯಡಿ ಏಜೆನ್ಸಿಯೊಂದು ಪಡೆಯುವ ಪ್ರಮಾಣಪತ್ರವಾದರೋ ಅದು ಕಳುಹಿಸುವ ಕೈಗಳ ತರಬೇತಿಯನ್ನು ಅಳೆಯುವುದಿಲ್ಲ. ಪಾಲಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ ತಿದ್ದುಪಡಿ ಮಸೂದೆಯು 2019ರಲ್ಲಿ ಲೋಕಸಭೆಗೆ ಬಂದಾಗ, ಹಿರಿಯರಿಗೆ ಮನೆಯಲ್ಲಿಯೇ ಆರೈಕೆ ಒದಗಿಸುವ ಸಂಸ್ಥೆಗಳ ನೋಂದಣಿಯೂ ಅದರಲ್ಲಿ ಸೇರಿತ್ತು. ಅದು ಅಂಗೀಕಾರವಾಗದೆ, 2024ರಲ್ಲಿ ಆ ಲೋಕಸಭೆಯೊಂದಿಗೇ ಮುಗಿದುಹೋಯಿತು. ಅದಕ್ಕಾಗಿ ಬೀದಿಗಿಳಿದು ಕೂಗಿದವರನ್ನು ನಾನಂತೂ ಕಾಣೆ.

ಮನೆಯೊಳಗೂ ಸರ್ಕಾರ ಕಾಲಿಡಬೇಕೆ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಇನ್ಸ್‌ಪೆಕ್ಟರರ ಕೈಬೆಚ್ಚಗೆ ಇನ್ನೊಂದು ದಾರಿಯಾದೀತೆಂಬ ಅಂಜಿಕೆಯೂ ಸುಳ್ಳಲ್ಲ. ಆದರೆ ಕಾನೂನು ಹಾಸಿಗೆಯ ಬಳಿ ನಿಲ್ಲಬೇಕಾಗಿಲ್ಲ, ಏಜೆನ್ಸಿಯ ಬಾಗಿಲಲ್ಲಿ ನಿಂತರೆ ಸಾಕು: ಈಕೆಗೆ ಏನನ್ನು ಕಲಿಸಿದ್ದೀರಿ? ದೂರು ಬಂದರೆ ಉತ್ತರಿಸುವವರು ಯಾರು? ಈಕೆ ಮಲಗುವುದು ಯಾವಾಗ?

ಈ ಕೊನೆಯ ಪ್ರಶ್ನೆಯನ್ನು ನಾವು ಸುಲಭವಾಗಿ ಮರೆಯುತ್ತೇವೆ. ಹಗಲಿರುಳು ಒಬ್ಬಳೇ. ರಾತ್ರಿ ನಾಲ್ಕು ಬಾರಿ ಎದ್ದವಳು ಬೆಳಿಗ್ಗೆ ಸಿರಿಂಜು ಹಿಡಿಯಬೇಕು. ವಾರದ ರಜೆಯಿಲ್ಲ, ಭಾನುವಾರದ ಬಲಿಪೂಜೆಗೆ ಮನೆಯವರೆಲ್ಲ ಹೊರಟಾಗ ಉಳಿಯುವವಳು ಆಕೆಯೇ. ನಾವು ಕೊಡುವ ಹಣದಲ್ಲಿ ಏಜೆನ್ಸಿ ಎಷ್ಟನ್ನು ಹಿಡಿದುಕೊಳ್ಳುತ್ತದೆಂಬುದು ನಮಗೆ ತಿಳಿಯದು. ಬಳೆಯೊಂದು ಕಾಣದಾದರೆ ಮೊದಲ ಸಂಶಯ ಯಾರ ಮೇಲೆಂದು ಹೇಳಬೇಕೆ? ತಡೆಹಿಡಿದ ಕೂಲಿಯು ದೇವರಿಗೆ ಮೊರೆಯಿಡುತ್ತದೆಂದು ಸಂತ ಯಕೋಬರು ಬರೆದದ್ದು ಹೊಲಗದ್ದೆಗಳ ಆಳುಗಳ ಕುರಿತು. ಅದು ನಮ್ಮ ಮಲಗುವ ಕೋಣೆಗೂ ಸಲ್ಲುತ್ತದೆ. ರೋಗಿಯ ಸುರಕ್ಷತೆ ಬೇರೆ, ಆರೈಕೆ ಮಾಡುವವಳ ಹಕ್ಕು ಬೇರೆ ಎಂದು ವಿಂಗಡಿಸುವುದು ನನಗೆ ಸರಿಕಾಣದು. ತೂಕಡಿಸುವ ಕೈಯೇ ಇನ್ಸುಲಿನ್ ಅಳೆಯುವ ಕೈ.

ಕೆಲವರು ಕೋಣೆಯಲ್ಲಿ ಕ್ಯಾಮೆರಾ ಕಟ್ಟಿಸಿ ಪರದೇಶದಿಂದಲೇ ನೋಡುತ್ತಾರೆ. ತಾಯಿಯ ಬಟ್ಟೆ ಬದಲಿಸುವ ಹೊತ್ತಿನಲ್ಲಿಯೂ ಅದು ನೋಡುತ್ತಲೇ ಇರುತ್ತದೆ! ಆದರೆ ಹೊದಿಕೆ ಸರಿಸಿ ಹಿಮ್ಮಡಿ ಕೆಂಪಾಗಿದೆಯೇ ಎಂದು ಅದು ನೋಡಲಾರದು.

ಮೊದಲ ಶುಕ್ರವಾರ ರೋಗಿಗಳಿಗೆ ಪರಮಪ್ರಸಾದ ಒಯ್ಯುವವರೊಡನೆ ನಿಮ್ಮ ನೆರೆಯ ಮನೆಗೆ ನೀವೂ ಹೋಗಬಹುದು. ಪ್ರಾರ್ಥನೆ ಮುಗಿದೊಡನೆ ಹೊರಡದೆ ಅರ್ಧ ಗಂಟೆ ಹಾಸಿಗೆಯ ಬಳಿ ಕುಳಿತಿರಿ. ಆ ಹೆಣ್ಣುಮಗಳ ಹೆಸರು ಕೇಳಿ, ಆಕೆ ಅಷ್ಟರಲ್ಲಿ ಬಿಸಿಯೂಟ ಮಾಡಿ ಬರಲಿ.